ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲ ಆಯ್ತು ಅನ್ನುವವರಿಗೆ

(ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಒಸಡಿನ ಕಾಯಿಲೆ ಬಗ್ಗೆ ಮಾತಾಡಿದ್ದೆ. ಬರಲಾಗದವರು ಕೇಳಿದ್ದಕ್ಕೆ ಬರೆದು ಹಾಕುತ್ತಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಮ್ಮಂಥ ಒಸಡಿನ ಡಾಕ್ಟರ ಮೇಲಿರುವ ಆಪಾದನೆಯಿಂದಲೇ ಶುರು ಮಾಡೋಣ. ಒಸಡಿನ ಡಾಕ್ಟರು ಯಾರನ್ನೇ ಕೇಳಿ, ವಾರಕ್ಕೊಂದು ಸಲವಾದರೂ ಈ ಮಾತು ಕೇಳಿರುತ್ತಾರೆ. "ಸುಮ್ನೆ ಇದ್ದೆ ಡಾಕ್ಟ್ರೇ. ಯಾರೋ ಹೇಳಿದ್ರು ಅಂತ ಹಲ್ಲು ಕ್ಲೀನ್ ಮಾಡಿಸಿದೆ. ಅಲ್ಲಿಂದ ಶುರುವಾಯ್ತು ನೋಡಿ. ಹಲ್ಲು ಅಲ್ಲಾಡ್ತಿದೆ, ಸಂದಿ ಬಿಟ್ಟಿದೆ, ತಣ್ಣೀರು ಕುಡಿದರೆ ಜುಮ್ ಅನ್ನತ್ತೆ." ಇಲ್ಲಿ ಕೂತವರಲ್ಲೂ ನಾಲ್ಕೈದು ಜನ ತಲೆ ಆಡಿಸ್ತಿದ್ದೀರಿ, ನನಗೆ ಕಾಣ್ತಿದೆ.

ಇವರು ಸುಳ್ಳು ಹೇಳುತ್ತಿಲ್ಲ. ಮೂರೂ ನಿಜವಾಗಿ ಆಗುತ್ತವೆ. ಆದರೆ ಮೂರಕ್ಕೂ ಕಾರಣ ಕ್ಲೀನಿಂಗ್ ಅಲ್ಲ. ಹಾಗಾದರೆ ಮತ್ತೇನು ಅಂತ ತಿಳಿಯಬೇಕಾದರೆ ಒಸಡಿನ ಕೆಳಗೆ ಏನು ನಡೆದಿರುತ್ತದೆ ಅಂತ ಮೊದಲು ನೋಡಬೇಕು.

ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಜಿಗುಟು ಜಿಗುಟಾಗಿ ಏನೋ ಸಿಗುತ್ತದಲ್ಲ, ಅದು ಪ್ಲಾಕ್. ಅದು ಊಟದ ಚೂರು ಅಲ್ಲ. ಬ್ಯಾಕ್ಟೀರಿಯಾಗಳ ಪದರ. ಬ್ರಷ್ ಹಾಕಿದರೆ ಹೋಗುತ್ತದೆ. ಬ್ರಷ್ ತಾಗದ ಕಡೆ ಒಂದೆರಡು ದಿನದಲ್ಲೇ ಅದು ಗಟ್ಟಿಯಾಗಲು ಶುರು ಮಾಡುತ್ತದೆ, ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಇಳಿದು ಕೊನೆಗೆ ಗಾರೆ, ಅಂದರೆ ಟಾರ್ಟರ್ ಆಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗದಲ್ಲಿ, ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆಯಲ್ಲಿ ಇದು ಜಾಸ್ತಿ. ಎಂಜಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ.

ಇಲ್ಲಿಗೆ ಒಬ್ಬರು ಕೈ ಎತ್ತಿದರು. "ನಮ್ಮದು ಬೋರ್‌ವೆಲ್ ನೀರು, ಅದಕ್ಕೇ ಗಾರೆ ಕಟ್ಟೋದು ಅಂತಾರೆ?" ಇಲ್ಲ. ಕುಡಿಯುವ ನೀರು ಬಾಯಲ್ಲಿ ಎಷ್ಟು ಹೊತ್ತು ಇರುತ್ತದೆ ಹೇಳಿ. ಗಾರೆಗೆ ಬೇಕಾದ ಸಾಮಾನೆಲ್ಲ ನಿಮ್ಮ ಎಂಜಲಿನಿಂದಲೇ ಬರುತ್ತದೆ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು ಬೇರೆ ವಿಷಯ. ಆ ಬಣ್ಣ ಹಲ್ಲಿನ ಒಳಗೇ ಇರುತ್ತದೆ, ಎಷ್ಟು ಕ್ಲೀನ್ ಮಾಡಿದರೂ ಹೋಗುವುದಿಲ್ಲ. ಆ ಊರುಗಳಿಂದ ಬಂದವರು ಕ್ಲೀನಿಂಗ್ ಆದ ಮೇಲೆ ಕನ್ನಡಿ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಸರಿ. ಪ್ಲಾಕ್ ಕೂತಲ್ಲಿ ಒಸಡು ಊದುತ್ತದೆ, ಕೆಂಪಾಗುತ್ತದೆ, ಉಜ್ಜಿದರೆ ರಕ್ತ ಬರುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್‌ಹುಸ್‌ನಲ್ಲಿ ಹರಾಲ್ಡ್ ಲೋ ಎಂಬ ಸಂಶೋಧಕ ಮತ್ತು ಅವರ ಜೊತೆಯವರು ಇದನ್ನು ಪಕ್ಕಾ ಮಾಡಿಕೊಂಡರು. ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ಉಜ್ಜಬೇಡಿ ಅಂದರು. 10ರಿಂದ 21 ದಿನದೊಳಗೆ ಹನ್ನೆರಡೂ ಜನರ ಒಸಡು ಊದಿತು. ಮತ್ತೆ ಉಜ್ಜಲು ಶುರು ಮಾಡಿದರು, ಸುಮಾರು ಒಂದು ವಾರದಲ್ಲಿ ಎಲ್ಲರದ್ದೂ ಸರಿಹೋಯಿತು. ಈ ಹಂತಕ್ಕೆ ಜಿಂಜಿವೈಟಿಸ್ ಅನ್ನುತ್ತೇವೆ. ಪೂರ್ತಿ ವಾಸಿಯಾಗುವ ಹಂತ ಇದೊಂದೇ. ರಕ್ತ ಬಂತು ಅಂತ ಬ್ರಷ್ ಮಾಡುವುದನ್ನು ಬಿಟ್ಟು ಬೆರಳಲ್ಲಿ ಉಜ್ಜುವವರು ತುಂಬಾ ಜನ ಇದ್ದಾರೆ. ಮಾಡಬೇಕಾದದ್ದು ಅದರ ಉಲ್ಟಾ.

ಆದರೆ ಕೆಲವರಲ್ಲಿ ವಿಷಯ ಅಲ್ಲಿಗೆ ನಿಲ್ಲುವುದಿಲ್ಲ. ಉರಿಯೂತ ಕೆಳಗೆ ಇಳಿಯುತ್ತದೆ. ಒಸಡು ಹಲ್ಲಿನ ಬೇರಿನಿಂದ ಬಿಟ್ಟುಕೊಂಡು ನಡುವೆ ಒಂದು ಸಂದು ಆಗುತ್ತದೆ, ಅದಕ್ಕೆ ನಾವು ಪಾಕೆಟ್ ಅನ್ನುತ್ತೇವೆ. ಪಾಕೆಟ್ಟಿನೊಳಗೆ ಮತ್ತೆ ಪ್ಲಾಕ್, ಮತ್ತೆ ಗಾರೆ. ಅಲ್ಲಿನ ಗಾರೆ ಹಳದಿ ಅಲ್ಲ, ಕಪ್ಪಗೆ, ಬೇರಿಗೆ ಕಚ್ಚಿಕೊಂಡಿರುತ್ತದೆ. ಪಕ್ಕದ ಮೂಳೆ ಕರಗುತ್ತಾ ಕೆಳಗೆ ಹೋಗುತ್ತದೆ. ಇದು ಪೆರಿಯೋಡಾಂಟೈಟಿಸ್, ನಮ್ಮ ಹಿರಿಯರು ಪಯೋರಿಯಾ ಅನ್ನುತ್ತಿದ್ದದ್ದು. ನೋವು ಇರುವುದಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆ ಕೆಡಿಸಿ ಡಾಕ್ಟರ ಹತ್ತಿರ ಓಡಿಸುತ್ತದೆ, ಇದು ಹತ್ತು ಹದಿನೈದು ವರ್ಷ ಸುಮ್ನೆ ಕೆಲಸ ಮಾಡಿಕೊಂಡಿರುತ್ತದೆ.

ಎಲ್ಲರಿಗೂ ಬರತ್ತಾ? ಬರುವುದಿಲ್ಲ. ಇದೇ ಲೋ ಅವರ ತಂಡ ಶ್ರೀಲಂಕಾದ ಚಹಾ ತೋಟದ 480 ಗಂಡಸರನ್ನು 1970ರಿಂದ 1985ರವರೆಗೆ ನೋಡಿತು. ಹಲ್ಲಿನ ಡಾಕ್ಟರಿಲ್ಲ, ಬ್ರಷ್ ಇಲ್ಲ, ಎಲ್ಲರ ಬಾಯಲ್ಲೂ ಪ್ಲಾಕ್, ಗಾರೆ ತುಂಬಿತ್ತು. ಆಶ್ಚರ್ಯ ಅಂದರೆ ಹುಳುಕು ಹಲ್ಲು ಹೆಚ್ಚುಕಡಿಮೆ ಇರಲೇ ಇಲ್ಲ. ಅವರಲ್ಲಿ 8% ಜನರಿಗೆ ಒಸಡಿನ ಕಾಯಿಲೆ ದಾಪುಗಾಲು ಹಾಕಿತ್ತು. 81% ಜನರಲ್ಲಿ ನಿಧಾನವಾಗಿ ಮುಂದುವರಿದಿತ್ತು. ಉಳಿದ 11% ಜನರಿಗೆ ಒಸಡು ಊದಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. "ನಮ್ಮ ತಾತ ಬೇವಿನ ಕಡ್ಡಿಯಲ್ಲೇ ಉಜ್ಜಿ ಎಂಬತ್ತು ವರ್ಷಕ್ಕೂ ಕಬ್ಬು ಸಿಗಿದು ತಿಂತಿದ್ರು" ಅಂತ ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ. ತಾತ ಆ 11 ಪರ್ಸೆಂಟಿನವರು ಇರಬಹುದು. ನೀವು ಹೌದೋ ಅಲ್ಲವೋ ಅಂತ ತಿಳಿಯಬೇಕಾದರೆ ಅಳೆದೇ ನೋಡಬೇಕು.

ಅಳೆಯುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಪ್ರೋಬ್ ಅಂತ ಒಂದು ತೆಳು ಕಡ್ಡಿ ಇದೆ, ತುದಿ ಮೊಂಡು, ಮೇಲೆ ಮಿಲಿಮೀಟರಿನ ಗೆರೆಗಳು. ಒಸಡು ಮತ್ತು ಹಲ್ಲಿನ ನಡುವೆ ಅದನ್ನು ಮೆಲ್ಲಗೆ ಇಳಿಸಿ ಎಲ್ಲಿ ತಡೆಯುತ್ತದೆ ನೋಡುತ್ತೇವೆ. ಒಂದು ಹಲ್ಲಿಗೆ ಆರು ಕಡೆ: ಕೆನ್ನೆ ಕಡೆ ಮೂರು, ನಾಲಿಗೆ ಕಡೆ ಮೂರು. ನಾನು ಹೇಳುತ್ತಾ ಹೋಗುತ್ತೇನೆ, ಪಕ್ಕದಲ್ಲಿ ಸಿಸ್ಟರ್ ಬರೆದುಕೊಳ್ಳುತ್ತಾರೆ. ಮೂರು, ಎರಡು, ಮೂರು. ಮೂರು, ಎರಡು, ಐದು. ಏಳು, ನಾಲ್ಕು, ಆರು, ರಕ್ತ. ಕುರ್ಚಿಯಲ್ಲಿ ಕೂತವರಿಗೂ ಹತ್ತು ಹಲ್ಲು ಆಗುವಷ್ಟರಲ್ಲಿ ಲೆಕ್ಕ ಅರ್ಥವಾಗಿರುತ್ತದೆ. ಏಳು ಅಂದ ತಕ್ಷಣ ಕಣ್ಣು ಮೇಲೆತ್ತಿ ನನ್ನ ಮುಖ ನೋಡುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ. 4 ಆದರೆ ಅನುಮಾನ. 5, 6 ಆಗಿ, ರಕ್ತವೂ ಬಂದು, ಎಕ್ಸ್‌ರೇಯಲ್ಲಿ ಮೂಳೆಯೂ ಇಳಿದಿದ್ದರೆ ಕಾಯಿಲೆ ಇದೆ ಅಂತಲೇ.

ಈಗ ಆ ಆಪಾದನೆಗೆ ಬರೋಣ. ಮೂಳೆ ಅರ್ಧ ಕರಗಿದೆ, ಹಲ್ಲು ಆಗಲೇ ಸಡಿಲ. ಆದರೆ ಹಲ್ಲು ಹಲ್ಲಿನ ನಡುವೆ ಗಾರೆ ತುಂಬಿಕೊಂಡು ಒಂದನ್ನೊಂದು ಹಿಡಿದಿದೆ, ಬಿದ್ದುಹೋಗುವ ಕಲ್ಲಿನ ಗೋಡೆಗೆ ಮೇಲಿಂದ ಸಿಮೆಂಟು ಮೆತ್ತಿದ ಹಾಗೆ. ಅದನ್ನು ತೆಗೆದೆವು. ಒಳಗೆ ಏನಾಗಿತ್ತೋ ಅದು ಹೊರಗೆ ಕಂಡಿತು. ಸಂದಿಯೂ ಹಾಗೇ. ಅದು ಮೊದಲೇ ಇತ್ತು, ಗಾರೆ ಮತ್ತು ಊದಿದ ಒಸಡು ತುಂಬಿಕೊಂಡಿತ್ತು. ಊತ ಇಳಿದರೆ ಒಸಡು ಕೆಳಗೆ ಸರಿಯುತ್ತದೆ, ಹಲ್ಲು ಉದ್ದವಾದ ಹಾಗೆ ಕಾಣುತ್ತದೆ. ಬೇರು ಹೊರಬಿದ್ದ ಕಡೆ ತಣ್ಣೀರು ಜುಮ್ ಅನ್ನುತ್ತದೆ. ಇದನ್ನು ಮೊದಲೇ ಕೂರಿಸಿ ಹೇಳದೇ ಇರುವುದು ನಮ್ಮವರ ತಪ್ಪು, ಅದನ್ನು ಒಪ್ಪುತ್ತೇನೆ. ಕೆಲಸ ಆದ ಮೇಲೆ ಹೇಳಿದರೆ ಅದು ನೆಪ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಉರಿಯೂತದಿಂದ ಅಲ್ಲಾಡುತ್ತಿದ್ದ ಹಲ್ಲು ಚಿಕಿತ್ಸೆಯಾದ ಕೆಲವು ವಾರದಲ್ಲಿ ಸ್ವಲ್ಪ ಬಿಗಿಯಾಗುವುದೇ ಹೆಚ್ಚು.

ಪಾಕೆಟ್ ಆಳವಾಗಿದ್ದವರಿಗೆ ಡೀಪ್ ಕ್ಲೀನಿಂಗ್ ಬೇಕು ಅನ್ನುತ್ತೇವೆ. ಹಾಗಂದರೇನು, ಮಾಮೂಲಿ ಕ್ಲೀನಿಂಗಿಗೂ ಅದಕ್ಕೂ ಏನು ವ್ಯತ್ಯಾಸ? ಮಾಮೂಲಿಯದು ಕಣ್ಣಿಗೆ ಕಾಣುವ ಕಡೆ, ಒಸಡಿನ ಅಂಚಿನವರೆಗೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ಕೆಲಸ. ಡೀಪ್ ಕ್ಲೀನಿಂಗ್ ಆ ಪಾಕೆಟ್ಟಿನೊಳಗೆ, ಬೇರಿನ ಮೇಲೆ. ಸ್ಕೇಲಿಂಗ್ ಅಂಡ್ ರೂಟ್ ಪ್ಲಾನಿಂಗ್ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ಜಾಗ ಮರಗಟ್ಟಿಸಿ ಮಾಡುತ್ತೇವೆ. ಲಿಗ್ನೊಕೇನ್ ಇಂಜೆಕ್ಷನ್, ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ. ಬಾಯನ್ನು ನಾಲ್ಕು ಭಾಗ ಮಾಡಿಕೊಂಡು ಒಂದು ಸಲಕ್ಕೆ ಒಂದೋ ಎರಡೋ ಭಾಗ. ಬೆಲ್ಜಿಯಂನ ಲೂವೆನ್‌ನಲ್ಲಿ ಕ್ವಿರಿನೆನ್ ಅವರ ತಂಡ 1995ರಲ್ಲಿ ಇಡೀ ಬಾಯನ್ನು 24 ಗಂಟೆಯೊಳಗೆ ಮುಗಿಸುವ ಪದ್ಧತಿ ತಂದಿತು. ಆಮೇಲಿನ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ದೊಡ್ಡ ವ್ಯತ್ಯಾಸ ಏನಿಲ್ಲ. ನಿಮಗೆ ಯಾವುದು ಅನುಕೂಲವೋ ಅದು.

ಮೊದಲು ಅಲ್ಟ್ರಾಸೋನಿಕ್ ಯಂತ್ರ. ಅದರ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಅದುರುತ್ತದೆ, ಬಿಸಿಯಾಗದ ಹಾಗೆ ನೀರು ಚಿಮ್ಮುತ್ತಿರುತ್ತದೆ. ಬಾಯಿ ತುಂಬಾ ನೀರು, ಕಿವಿ ತುಂಬಾ ಕೀರಲು ಸದ್ದು, ಯಾರಿಗೂ ಇಷ್ಟವಾಗುವುದಿಲ್ಲ. ಅದು ಹಲ್ಲಿನ ಎನಾಮಲ್ ತೆಗೆದುಬಿಡತ್ತೆ ಅಂತ ಹೆದರುತ್ತಾರೆ. ಎನಾಮಲ್ ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ, ಸರಿಯಾಗಿ ಹಿಡಿದು ಮಾಡಿದರೆ ಅದಕ್ಕೆ ಏನೂ ಆಗುವುದಿಲ್ಲ. ಯಂತ್ರದ ನಂತರ ಕೈ ಸಾಧನ, ಕ್ಯೂರೆಟ್. ಗ್ರೇಸಿ ಕ್ಯೂರೆಟ್ ಅಂತ ಒಂದು ಸೆಟ್ ಇದೆ, ಅಮೆರಿಕದ ಮಿಷಿಗನ್‌ನ ಕ್ಲೇಟನ್ ಗ್ರೇಸಿ ರೂಪಿಸಿದ್ದು. ಮುಂದಿನ ಹಲ್ಲಿಗೆ 5/6, ದವಡೆ ಹಲ್ಲಿನ ಮುಂದಿನ ಮಗ್ಗುಲಿಗೆ 11/12, ಹಿಂದಿನ ಮಗ್ಗುಲಿಗೆ 13/14. ಒಂದೊಂದು ಮೂಲೆಗೂ ಬೇರೆ ಬಾಗು.

ಈ ಕೆಲಸದಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಅಲಗು ಒಸಡಿನ ಕೆಳಗೆ ಹೋಗಿರುತ್ತದೆ, ಬೆರಳ ತುದಿಯೇ ಕಣ್ಣು. ಗಾರೆ ಇದ್ದ ಕಡೆ ತಡೆದು ತಡೆದು, ಗರಗರ ಅಂತ ಕೈಗೆ ಗೊತ್ತಾಗುತ್ತದೆ. ಎಳೆಯುತ್ತೇವೆ. ಕಪ್ಪು ಚೂರು ರಕ್ತದ ಜೊತೆ ಮೇಲೆ ಬರುತ್ತದೆ. ಮತ್ತೆ ಇಳಿಸುತ್ತೇವೆ, ಇನ್ನೂ ಗರಗರ ಅನ್ನತ್ತೆ. ನಾಲ್ಕೈದು ಸಲ ಎಳೆದ ಮೇಲೆ ನುಣುಪಾಗಿ ಜಾರಿತು ಅಂದರೆ ಆ ಮಗ್ಗುಲು ಆಯಿತು. ದವಡೆ ಹಲ್ಲಿಗೆ ಎರಡು ಮೂರು ಬೇರು, ಬೇರುಗಳು ಕವಲೊಡೆಯುವ ಜಾಗಕ್ಕೆ ಅಲಗೇ ಹೋಗುವುದಿಲ್ಲ ಎಷ್ಟೋ ಸಲ. ಪಾಕೆಟ್ 5 ಮಿಲಿಮೀಟರಿಗಿಂತ ಆಳ ಇದ್ದರೆ ಎಷ್ಟೇ ಪಳಗಿದ ಕೈಯಾದರೂ ಸ್ವಲ್ಪ ಗಾರೆ ಉಳಿದೇ ಉಳಿಯುತ್ತದೆ. ಕಿತ್ತ ಹಲ್ಲುಗಳನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡಿದವರು ಇದನ್ನು 1970ರ ದಶಕದಲ್ಲೇ ತೋರಿಸಿದ್ದಾರೆ. ಪೂರ್ತಿ ಹೋಗದಿದ್ದರೂ ಬಹಳ ಕಡೆ ಒಸಡು ವಾಸಿಯಾಗುತ್ತದೆ. ಹೊರೆ ಇಷ್ಟು ಇಳಿದರೆ ಉಳಿದದ್ದನ್ನು ದೇಹ ನೋಡಿಕೊಳ್ಳುತ್ತದೆ.

ಮೊದಲೆಲ್ಲ ಬೇರನ್ನು ಗಾಜಿನಂತೆ ಆಗುವವರೆಗೆ ಕೆರೆಯಬೇಕು ಅಂತ ಕಲಿಸುತ್ತಿದ್ದರು. ಬ್ಯಾಕ್ಟೀರಿಯಾಗಳ ವಿಷ ಬೇರಿನ ಒಳಗೆ ಇಳಿದಿರುತ್ತದೆ ಅಂತ ನಂಬಿಕೆ. 1980ರ ದಶಕದಲ್ಲಿ ಆ ವಿಷ ಮೇಲುಮೇಲೇ ಇರುತ್ತದೆ, ಸುಲಭವಾಗಿ ಹೋಗುತ್ತದೆ ಅಂತ ಗೊತ್ತಾಯಿತು. ಈಗ ಗಾರೆ, ಪ್ಲಾಕ್ ಹೋದರೆ ಸಾಕು, ಬೇರನ್ನು ಸವೆಸಬೇಡಿ ಅನ್ನುತ್ತೇವೆ. ಪಾಕೆಟ್ ಇಲ್ಲದ ಕಡೆ ಒಳಗೆ ಕೆರೆಯುವುದಂತೂ ಬೇಡವೇ ಬೇಡ. ಸ್ವೀಡನ್ನಿನ ಲಿಂಡೆ ಅವರ ತಂಡ 1982ರಲ್ಲಿ ಲೆಕ್ಕ ಹಾಕಿತ್ತು: 2.9 ಮಿಲಿಮೀಟರಿಗಿಂತ ಕಡಿಮೆ ಇರುವಲ್ಲಿ ಹೀಗೆ ಮಾಡಿದರೆ ಒಸಡಿನ ಹಿಡಿತ ಹೆಚ್ಚುವ ಬದಲು ಕಳೆದುಹೋಗುತ್ತದೆ.

ಒಬ್ಬರು ತಾಯಿಗೂ ಈ ಅಳತೆಯ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಅವರ ಮಗಳು ಅಮೆರಿಕದಲ್ಲಿ. ಮೊದಲ ಸಲ ಹಲ್ಲಿನ ಡಾಕ್ಟರ ಹತ್ತಿರ ಹೋದಾಗಲೇ ನಾಲ್ಕೂ ಭಾಗಕ್ಕೆ ಡೀಪ್ ಕ್ಲೀನಿಂಗ್ ಬೇಕು ಅಂದರಂತೆ. "ಅವರು ದುಡ್ಡು ಕೀಳೋಕೆ ಹೇಳ್ತಿದ್ದಾರಾ, ನಿಜವಾಗಿ ಬೇಕಾ?" ಇಲ್ಲಿ ಕೂತು ನಾನು ಹೇಳಲಾರೆ ಅಮ್ಮಾ. ಮಗಳಿಗೆ ಹೇಳಿ, ಪಾಕೆಟ್ಟಿನ ಅಳತೆ ಬರೆದ ಚಾರ್ಟ್ ಮತ್ತು ಎಕ್ಸ್‌ರೇ ಕೇಳಲಿ. ಅಲ್ಲಿ ವಿಮೆ ಕಂಪನಿಗಳೂ ದುಡ್ಡು ಕೊಡುವ ಮೊದಲು ಸಾಮಾನ್ಯವಾಗಿ ಅದನ್ನೇ ಕೇಳುತ್ತವೆ. ಅಳತೆ ಎಲ್ಲ 2, 3 ಇದ್ದು ಮೂಳೆ ಸರಿಯಿದ್ದರೆ ಬೇಡ. 5, 6 ಇದ್ದರೆ ಮಾಡಿಸಿಕೊಳ್ಳಲಿ. ಇದೇ ಮಾತು ಇಲ್ಲಿಗೂ. ಪ್ರೋಬ್ ಹಾಕದೆ, ಬರೀ ಕನ್ನಡಿ ಹಿಡಿದು ನೋಡಿ ಡೀಪ್ ಕ್ಲೀನಿಂಗ್ ಅಂದರೆ "ಅಳತೆ ಎಷ್ಟಿದೆ ಡಾಕ್ಟ್ರೇ?" ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಹೀಗೆ ಗಾರೆ ಕೆರೆದು ತೆಗೆಯುವುದು ಇಂಗ್ಲಿಷ್ ವೈದ್ಯರು ಹೊಸದಾಗಿ ತಂದದ್ದು ಅಂತ ಯಾರೋ ಹಿಂದಿನಿಂದ ಅಂದರು. ಅಲ್ಲ ಸ್ವಾಮಿ. ಸುಶ್ರುತ ಸಂಹಿತೆಯಲ್ಲಿ ಈ ಗಾರೆಗೆ ದಂತಶರ್ಕರೆ ಅಂತ ಹೆಸರಿದೆ, ಹಲ್ಲಿನ ಬುಡಕ್ಕೆ ಪೆಟ್ಟಾಗದ ಹಾಗೆ ತೆಗೆದು ಆಮೇಲೆ ಅರಗಿನ ಪುಡಿ, ಜೇನು ಹಚ್ಚು ಅಂತಿದೆ. ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೋಬಾದಲ್ಲಿ ಅಲ್ ಝಹ್ರಾವಿ ಎಂಬ ಶಸ್ತ್ರವೈದ್ಯ ಕೆರೆಯುವ ಸಾಧನಗಳ ಚಿತ್ರಗಳನ್ನೇ ಬರೆದಿಟ್ಟ. ಒಂದು ದಿನದಲ್ಲಿ ಹೋಗದಿದ್ದರೆ ಮರುದಿನ, ಅದರ ಮರುದಿನ ಮತ್ತೆ ಮಾಡು ಅಂದ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಜಾನ್ ರಿಗ್ಸ್ ಎಂಬ ದಂತವೈದ್ಯರಿದ್ದರು. 1844ರ ಡಿಸೆಂಬರಿನಲ್ಲಿ ನೋವು ಗೊತ್ತಾಗದ ಹಾಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಟ್ಟು ಹೊರೇಸ್ ವೆಲ್ಸ್ ಎಂಬ ಇನ್ನೊಬ್ಬ ದಂತವೈದ್ಯರ ಹಲ್ಲು ಕಿತ್ತದ್ದು ಇವರೇ. ಅಷ್ಟು ನೋವಿಲ್ಲದೆ ಹಲ್ಲು ಕಿತ್ತವರು ಮುಂದೆ ಅಲ್ಲಾಡುವ ಹಲ್ಲನ್ನು ಕೀಳಬೇಡಿ, ಕೆರೆದು ಉಳಿಸಿ ಅಂತ ಹಟ ಹಿಡಿದರು. ಅಮೆರಿಕದಲ್ಲಿ ಈ ಕಾಯಿಲೆಗೆ ಬಹಳ ಕಾಲ ರಿಗ್ಸ್ ಕಾಯಿಲೆ ಅಂತಲೇ ಹೆಸರಿತ್ತು.

ಇಷ್ಟೆಲ್ಲ ಮಾಡಿ ಸಿಗುವುದೇನು? ಅಮೆರಿಕದ ದಂತವೈದ್ಯರ ಸಂಘ 2015ರಲ್ಲಿ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಒಸಡಿನ ಹಿಡಿತದಲ್ಲಿ ಬಂದ ಲಾಭ ಸರಾಸರಿ ಅರ್ಧ ಮಿಲಿಮೀಟರ್. ಅಷ್ಟೇನಾ ಅನ್ನಬೇಡಿ. ಅದು ಬಾಯಿಯ ಸರಾಸರಿ. ಆಳದ ಪಾಕೆಟ್ಟುಗಳಲ್ಲಿ ಹೆಚ್ಚು ಇಳಿಯುತ್ತದೆ. ರಕ್ತ ನಿಲ್ಲುತ್ತದೆ, ವಾಸನೆ ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಕರಗುವುದು ನಿಲ್ಲುತ್ತದೆ. ಹೋದ ಮೂಳೆ ಮಾತ್ರ ಬಹಳ ಮಟ್ಟಿಗೆ ವಾಪಸ್ ಬರುವುದಿಲ್ಲ. ಬರುತ್ತದೆ ಅಂತ ಯಾವ ಪೇಸ್ಟಿನ ಜಾಹೀರಾತು ಹೇಳಿದರೂ ನಂಬಬೇಡಿ. ಲೇಸರ್ ಬೇಕಾ ಅಂತಲೂ ಕೇಳುತ್ತಾರೆ. ಇದರ ಜೊತೆ ಲೇಸರ್ ಸೇರಿಸಿದರೆ ಬಿಲ್ಲಿಗೆ ಸೇರುವಷ್ಟು ಲಾಭ ಒಸಡಿಗೆ ಸೇರುವುದಿಲ್ಲ, ಇದು ನನ್ನ ಅಭಿಪ್ರಾಯ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಕೇಳಿಸಿಕೊಳ್ಳಿ. ಸಕ್ಕರೆ ಜಾಸ್ತಿ ಇದ್ದರೆ ಒಸಡು ಬೇಗ ಹಾಳಾಗುತ್ತದೆ. ಒಸಡಿನ ಉರಿಯೂತದಿಂದ ಸಕ್ಕರೆ ಹಿಡಿತಕ್ಕೆ ಬರುವುದೂ ಕಷ್ಟವಾಗುತ್ತದೆ. ಕಾಕ್ರೇನ್ ಎಂಬ ಸಂಸ್ಥೆ ಪರೀಕ್ಷೆಗಳನ್ನೆಲ್ಲ ಕೂಡಿಸಿ ನೋಡಿದ 2022ರ ವರದಿಯ ಪ್ರಕಾರ ಒಸಡಿನ ಚಿಕಿತ್ಸೆಯಾದ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ರಕ್ತಪರೀಕ್ಷೆಯ ಅಂಕಿ, ಸರಾಸರಿ 0.43ರಷ್ಟು ಇಳಿದಿತ್ತು. 2013ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ಏನೂ ಇಳಿದಿರಲಿಲ್ಲ, ಅದನ್ನೂ ಹೇಳಬೇಕು. ಎರಡನ್ನೂ ನೋಡಿ ನಾನು ಹೇಳುವುದಿಷ್ಟು: ಮಾತ್ರೆ ಬಿಡುವ ಆಸೆಯಿಂದ ಬರಬೇಡಿ, ಹಲ್ಲು ಉಳಿಸಿಕೊಳ್ಳಲು ಬನ್ನಿ. ಸಕ್ಕರೆ ಸ್ವಲ್ಪ ಇಳಿದರೆ ಒಳ್ಳೆಯದೇ ಆಯಿತು.

ಬೀಡಿ, ಸಿಗರೇಟು ಸೇದುವವರಿಗೆ ಫಲ ಕಡಿಮೆ. ಇನ್ನೊಂದು ತೊಂದರೆ ಏನೆಂದರೆ ನಿಕೋಟಿನ್ ರಕ್ತನಾಳ ಕುಗ್ಗಿಸುವುದರಿಂದ ಒಸಡಲ್ಲಿ ರಕ್ತ ಅಷ್ಟಾಗಿ ಬರುವುದಿಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಎಲೆ ಅಡಿಕೆಗೆ ಹೊಗೆಸೊಪ್ಪು, ಕಡ್ಡಿಪುಡಿ ಸೇರಿಸುವವರಿಗೆ ಅದು ಇಟ್ಟುಕೊಳ್ಳುವ ಕಡೆ ಒಸಡು ಸರಿದಿರುತ್ತದೆ. ಬೆಳಗಾವಿ ಕಡೆ ಮಿಶ್ರಿಯಲ್ಲಿ, ಅಂದರೆ ಹುರಿದ ಹೊಗೆಸೊಪ್ಪಿನ ಪುಡಿಯಲ್ಲಿ, ಹಲ್ಲು ಉಜ್ಜುವ ಹೆಂಗಸರು ಅದನ್ನು ತಂಬಾಕು ಅಂತ ಲೆಕ್ಕಕ್ಕೇ ಇಡುವುದಿಲ್ಲ, ಹಲ್ಲುಪುಡಿ ಅನ್ನುತ್ತಾರೆ. ಕೇಳುವಾಗ ಹೆಸರು ಹಿಡಿದೇ ಕೇಳಬೇಕು.

ಮಾತ್ರೆಗಳ ಬಗ್ಗೆ. ಬಿಪಿಗೆ ಕೊಡುವ ಆಮ್ಲೊಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಕೆಲವರಲ್ಲಿ ಒಸಡು ಬೆಳೆಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ, ಹೃದಯಕ್ಕೆ ಕೃತಕ ಕವಾಟ, ಎಲ್ಲವನ್ನೂ ಮೊದಲೇ ಹೇಳಿ. ಕವಾಟ ಹಾಕಿಸಿಕೊಂಡವರಿಗೆ ಕೆಲಸ ಶುರುವಾಗುವ ಮೊದಲು ಆ್ಯಂಟಿಬಯೋಟಿಕ್ ಕೊಡಬೇಕಾಗುತ್ತದೆ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಿ ಬರಬೇಡಿ.

ಆದ ಮೇಲೆ ಎರಡು ಮೂರು ದಿನ ಒಸಡು ನೋಯುತ್ತದೆ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಜುಮ್ ಅನ್ನುವುದು ಕೆಲವು ವಾರ ಇರಬಹುದು, ಅದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಇದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟರೆ ಹೇಳಿದಷ್ಟೇ ದಿನ ಬಳಸಿ. ಚೆನ್ನಾಗಿದೆ ಅಂತ ಆರು ತಿಂಗಳು ಹಾಕಿಕೊಂಡು ಹಲ್ಲು ಕಂದು ಮಾಡಿಕೊಂಡು ಬರುವವರಿದ್ದಾರೆ.

ಇನ್ನು ನನ್ನ ನಿಜವಾದ ದೂರು. ಜನ ಇಷ್ಟೆಲ್ಲ ಮಾಡಿಸಿಕೊಂಡು ಆಮೇಲೆ ಬರುವುದೇ ಇಲ್ಲ. ಆರು ವಾರದಿಂದ ಮೂರು ತಿಂಗಳೊಳಗೆ ಮತ್ತೆ ಅಳೆಯಬೇಕು. ಆಗಲೂ 5, 6 ಉಳಿದು ರಕ್ತ ಬರುತ್ತಿರುವ ಕಡೆ ಮತ್ತೊಮ್ಮೆ ಮಾಡಬೇಕೋ, ಒಸಡು ಬಿಡಿಸಿ ಫ್ಲ್ಯಾಪ್ ಸರ್ಜರಿ ಮಾಡಬೇಕೋ ಅಂತ ನಿರ್ಧಾರ ಆಗುವುದು ಅವತ್ತು. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ತೋರಿಸಬೇಕು. ಕೆಳಗೆ ಪ್ಲಾಕ್ ಮತ್ತೆ ಕಟ್ಟೇ ಕಟ್ಟುತ್ತದೆ. ಹೀಗೆ ಬರದಿದ್ದರೆ ಇಂಜೆಕ್ಷನ್ ತೆಗೆದುಕೊಂಡು ಬಾಯಿ ತೆರೆದು ಕೂತದ್ದೆಲ್ಲ ಒಂದೆರಡು ವರ್ಷದಲ್ಲಿ ನೀರಿನಲ್ಲಿ ಹೋಮ. ಸಕ್ಕರೆಗೆ, ಬಿಪಿಗೆ ತಿಂಗಳು ತಿಂಗಳು ತಪ್ಪದೆ ಹೋಗುವವರು ಒಸಡಿಗೆ ಯಾಕೆ ಬರುವುದಿಲ್ಲ ಅಂತ ನನಗೆ ಇನ್ನೂ ತಿಳಿದಿಲ್ಲ. ನಮ್ಮ ಸರ್ಕಾರದಲ್ಲೂ ಬಿಪಿಎಲ್ ಹಿರಿಯರಿಗೆ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ಬಂತು, ಒಳ್ಳೆಯದೇ. ಹಲ್ಲು ಹೋದ ಮೇಲಿನ ಭಾಗ್ಯ ಅದು. ಇರುವಾಗಿನದ್ದಕ್ಕೂ ಒಂದು ಬರಲಿ ಅಂತ ನನ್ನ ಆಸೆ.

ಮನೆಯಲ್ಲಿ ಮಾಡುವುದು ಎರಡೇ. ಮೆತ್ತನೆ ಬ್ರಷ್ಷನ್ನು ಒಸಡು ಹಲ್ಲು ಕೂಡುವ ಅಂಚಿಗೆ ಓರೆಯಾಗಿ ಹಿಡಿದು ಸಣ್ಣದಾಗಿ ಅಲುಗಿಸಿ, ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ಬೇಡ. ಎರಡನೆಯದು, ಸಂದಿ ಇರುವವರು ಇಂಟರ್‌ಡೆಂಟಲ್ ಬ್ರಷ್ ತೆಗೆದುಕೊಳ್ಳಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅಳತೆ ಬೇರೆ ಬೇರೆ ಇರುತ್ತದೆ, ಯಾವ ಸಂದಿಗೆ ಯಾವುದು ಅಂತ ಡಾಕ್ಟರ ಹತ್ತಿರ ಒಮ್ಮೆ ಕೂತು ನೋಡಿಕೊಳ್ಳಿ. ಬಿಗಿಯಾಗಿ ತುರುಕಬಾರದು, ಸಡಿಲವಾಗಿ ಓಡಾಡಲೂಬಾರದು.

ಕೊನೆಗೆ ಒಬ್ಬ ಯಜಮಾನರು ಕೇಳಿದರು. "ಪ್ರೈವೇಟ್‌ನಲ್ಲಿ ಒಂದೊಂದು ಭಾಗಕ್ಕೂ ದುಡ್ಡು. ಪೆನ್ಷನ್‌ನಲ್ಲಿ ಎಲ್ಲಿಂದ ತರೋದು?" ದಂತ ಕಾಲೇಜಿಗೆ ಹೋಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಎಲ್ಲ ಕಡೆ ಕಾಲೇಜುಗಳಿವೆ. ಪೆರಿಯೋಡಾಂಟಿಕ್ಸ್, ಅಂದರೆ ಒಸಡಿನ ವಿಭಾಗ ಎಲ್ಲಿ ಅಂತ ಕೇಳಿ. ಓದುತ್ತಿರುವ ಹುಡುಗ ಹುಡುಗಿಯರು ಮಾಡುತ್ತಾರೆ, ಮೇಲೆ ಪ್ರೊಫೆಸರು ನೋಡುತ್ತಾರೆ. ಹೊರಗಿನದಕ್ಕಿಂತ ಬಹಳ ಕಡಿಮೆ ಖರ್ಚು. ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ, ಒಂದೇ ಹಲ್ಲನ್ನು ಮೂರು ಜನ ಅಳೆದರೂ ಅಳೆದರು, ಅದು ನಿಮಗೆ ಲಾಭವೇ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ತಿಂಡಿ ತಿಂದು, ಮಾಮೂಲಿ ಮಾತ್ರೆ ತೆಗೆದುಕೊಂಡೇ ಹೋಗಿ. ಮಾತ್ರೆಗಳ ಚೀಟಿ, ಹಳೇ ಎಕ್ಸ್‌ರೇ, ಇತ್ತೀಚಿನ ಶುಗರ್ ರಿಪೋರ್ಟ್ ಜೊತೆಯಲ್ಲಿರಲಿ.